ದೊಡ್ಡಮ್ಮನಿಗೆ ಮನೆ ನೋಡಿದ್ದು

ನನ್ನಂಥ ಪುಕ್ಕಲು ಸ್ವಭಾವದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಎದೆ ಹಿಡಿದುಕೊಂಡು ನಿಂತಿರುತ್ತೇನೆ, ಪಕ್ಕದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ.

ಕಳೆದ ವರ್ಷ ನಮ್ಮ ದೊಡ್ಡಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನಾನು ಮದುವೆಯಾಗಲಿಲ್ಲ. ಹಾಸನದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ, ಮನೆಯಲ್ಲಿ ನಾವಿಬ್ಬರೇ. ಆಪರೇಷನ್ ಮಾಡಿದ ಡಾಕ್ಟರು, "ನಡೆಯೋ ಹಾಗಾಗೋವರೆಗೂ ಯಾವಾಗಲೂ ಜೊತೆಗೊಬ್ಬರು ಇರಬೇಕು. ಇನ್ನೊಂದು ಸಲ ಬಿದ್ದರೆ ಕಷ್ಟ" ಎಂದರು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಇನ್ನೊಂದು ಭಯವೂ ಇತ್ತು. ದೊಡ್ಡಮ್ಮ ತನಗಾಗಿ ಬಾಯಿ ಬಿಡುವವಳಲ್ಲ. ಬಾಯಾರಿದರೂ ಕೇಳುವುದಿಲ್ಲ, ನೋವಾದರೂ ಹೇಳುವುದಿಲ್ಲ. ಹೇಳದೆಯೇ ತಿಳಿದುಕೊಳ್ಳುವವರು ಅವಳಿಗೆ ಬೇಕಾಗಿತ್ತು. ಅಂಥವರನ್ನು ಎಲ್ಲಿ ಅಂತ ಹುಡುಕುವುದು?

ನೋಡಿಕೊಳ್ಳುವವಳು

ಮೊದಲು ಮನೆಗೇ ಒಬ್ಬ ಹೆಂಗಸನ್ನು ಗೊತ್ತುಮಾಡಿದೆ. ಮೊದಲ ದಿನ ಆಫೀಸಿನಲ್ಲಿ ಕೂತಿದ್ದರೂ ಜೀವವೆಲ್ಲ ಮನೆಯಲ್ಲೇ. ಮಧ್ಯಾಹ್ನ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅರ್ಧ ದಿನ ರಜೆ ಹಾಕಿ, ಆಟೋ ಹತ್ತಿ, ದಾರಿಯುದ್ದಕ್ಕೂ ಕಂಡ ಗುಡಿಗಳಿಗೆಲ್ಲ ಕೈ ಮುಗಿಯುತ್ತಾ ಮನೆಗೆ ಬಂದು ಬಿದ್ದೆ.

ಬಾಗಿಲು ತೆಗೆದರೆ ದೊಡ್ಡಮ್ಮ ವಾಕರ್ ಪಕ್ಕದಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ. ಅವಳ ಮಂಚದ ಮೇಲೆ, ಅವಳದೇ ಕಂಬಳಿ ಹೊದ್ದು ಆ ಹೆಂಗಸು ಗೊರಕೆ ಹೊಡೆಯುತ್ತಿದ್ದಾಳೆ.

"ಏನು ದೊಡ್ಡಮ್ಮ ಇದು?" ಎಂದು ಕೂಗಿದೆ.

ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಮೆತ್ತುಗ್ ಮಾತಾಡು ಮಗಾ. ಪಾಪ, ತಲೆನೋವಂತೆ. ಫೋನ್ ಬಡ್ಕಂಡ್ರೂ ನಾನೇ ಎತ್ನಿಲ್ಲ, ಎಚ್ರ ಆಗ್ಬುಟ್ಟಾತು ಅಂತ."

ಊರಿಗೆ ಹೋಗಿ ತಿಳಿಸ್ತೀವಿ

ಇನ್ನು ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗವನ್ನೇ ಹುಡುಕಬೇಕೆಂದು ತೀರ್ಮಾನವಾಯಿತು. ಒಬ್ಬಳೇ ಹೋಗಲು ಧೈರ್ಯ ಸಾಲದೆ ದಂಡಿಗನಹಳ್ಳಿಯಿಂದ ಚಿಕ್ಕಪ್ಪನನ್ನು ಕರೆಸಿಕೊಂಡೆ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರುವ ಕೆಲಸಕ್ಕೆ ಅವರ ಹೋಬಳಿಯಲ್ಲೆಲ್ಲ ಚಿಕ್ಕಪ್ಪನೇ ಆಗಬೇಕು. ನಮ್ಮ ದೊಡ್ಡಮ್ಮನಿಗೂ ಅದೇ ರೀತಿ ಮನೆ ನೋಡಲು ಅವರು ಇಸ್ತ್ರಿ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು ಬಂದರು.

ಅರಕಲಗೂಡಿನ ಕಡೆ ಒಂದು ಜಾಗ. ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ, ಮಲಗಿದವರನ್ನು ಮಗ್ಗುಲು ಬದಲಾಯಿಸುತ್ತಾರೋ ಇಲ್ಲವೋ ಎಂದೆಲ್ಲ ಕೇಳಬೇಕೆಂದು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಚಿಕ್ಕಪ್ಪ ಬಿಟ್ಟರೆ ತಾನೆ? ನೇರ ಹಿತ್ತಿಲಿಗೆ ಹೋದರು. "ನೀರ್ ಎಂಗೆ ಸಾ, ಬೋರಾ? ಬ್ಯಾಸ್ಗೇಲೂ ಬತ್ತದಾ?" ಉಗ್ರಾಣಕ್ಕೆ ನುಗ್ಗಿ ಅಕ್ಕಿಯ ಕಾಳು ಕಚ್ಚಿ ನೋಡಿದರು. ಆಮೇಲೆ ಮ್ಯಾನೇಜರನ ಊರು ಕೇಳಿ, ಅವನ ತಾಯಿಯ ತೌರು ಕೇಳಿ, ಅವನು ತಮಗೆ ವರಸೆಯಲ್ಲಿ ಅಳಿಯನಾಗಬೇಕೆಂದು ಕಂಡುಹಿಡಿದರು. ಉಪ್ಪಿಟ್ಟು, ಕಾಫಿ ಬಂತು.

ಅಷ್ಟರಲ್ಲಿ ಒಳಗೊಂದು ಕೋಣೆಯಿಂದ ತಾತನೊಬ್ಬ "ನೀರು, ನೀರು" ಎನ್ನುವುದು ಕೇಳಿಸಿತು. ಯಾರೂ ಏಳಲಿಲ್ಲ. ನನ್ನ ಕೈಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು. ಕೂಗುವ ತಾತನಿಗೇ ಹೀಗಾದರೆ ಕೂಗದೇ ಇರುವ ದೊಡ್ಡಮ್ಮನ ಗತಿಯೇನು? ಕೊನೆಗೆ ನಾನೇ ಹೋಗಿ ನೀರು ಕುಡಿಸಿ ಬಂದೆ. ಬಂದು ನೋಡಿದರೆ ಚಿಕ್ಕಪ್ಪನ ಮುಖವೂ ಬದಲಾಗಿತ್ತು. ಆದರೆ ಅಳಿಯ ಅಂತ ಆಗಿಹೋಗಿದೆ, ಉಪ್ಪಿಟ್ಟೂ ತಿಂದಾಗಿದೆ, ಬೈಯುವುದು ಹೇಗೆ? ಎದ್ದು ವಲ್ಲಿ ಕೊಡವಿಕೊಂಡು ಅಂದರು: "ಆಯ್ತು ಅಳಿಯಂದ್ರೆ. ಊರ್ಗೋಗಿ ತಿಳಿಸ್ತೀವಿ."

ಮ್ಯಾನೇಜರನೂ ನಮ್ಮ ಕಡೆಯವನೇ ತಾನೆ, ಹೆಣ್ಣು ನೋಡಿ ಅದೇ ಮಾತು ಹೇಳಿ ಬಂದವನೇ ಇರಬೇಕು. ಉಪ್ಪಿಟ್ಟಿನ ತಟ್ಟೆ ಎತ್ತುತ್ತಾ, "ಬೇಡ ಅನ್ನಿ ಮಾವ, ಅದಕ್ಕ್ಯಾಕೆ ಊರ್ಗಂಟ ಓಗ್ತೀರಿ?" ಎಂದ.

ಪಾಯಸ

ಚನ್ನರಾಯಪಟ್ಟಣದ ಜಾಗಕ್ಕೆ ಮೊದಲೇ ಫೋನ್ ಮಾಡಿ ಹೋದೆ. ಒಳಗೆ ಕಾಲಿಟ್ಟರೆ ಅಜ್ಜಿಯರೆಲ್ಲ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಸಾಲಾಗಿ ಕೂತಿದ್ದಾರೆ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಯಾರನ್ನು ಕೇಳಿದರೂ "ಚೆನ್ನಾಗ್ ನೋಡ್ಕತಾರೆ" ಎಂದು ಒಂದೇ ರಾಗ. ಊಟಕ್ಕೆ ಕೋಸಂಬರಿ, ಪಲ್ಯ, ಶಾವಿಗೆ ಪಾಯಸ. ನನಗೆ ಕಣ್ಣಲ್ಲಿ ನೀರೇ ಬಂತು. ಸದ್ಯ, ಹುಡುಕಾಟ ಮುಗಿಯಿತು ಎಂದುಕೊಂಡೆ.

ಹೊರಡುವಾಗ ಕೊನೆಯಲ್ಲಿ ಕೂತಿದ್ದ ಅಜ್ಜಿ ನನ್ನ ಸೆರಗು ಹಿಡಿದು ಎಳೆದಳು. ಏನೋ ಗುಟ್ಟು ಹೇಳುವವಳಂತೆ ಆಚೀಚೆ ನೋಡಿದಳು. ಬಗ್ಗಿ ಕಿವಿ ಕೊಟ್ಟೆ.

"ನಾಳಿಕ್ಕೂ ಬಾರವ್ವ" ಎಂದಳು ಅಜ್ಜಿ. "ನೀನ್ ಬಂದ್ರೆ ಪಾಯ್ಸ ಮಾಡ್ತಾರೆ."

ಸೊಸೆ

ಹೇಳಿ ಹೋದರೆ ಏನೂ ತಿಳಿಯುವುದಿಲ್ಲ ಎಂದು ಇದರಿಂದ ಬುದ್ಧಿ ಬಂತು. ಮುಂದಿನ ಜಾಗ ಹೊಳೆನರಸೀಪುರದಿಂದ ಹಳ್ಳಿಮೈಸೂರಿಗೆ ಹೋಗುವ ದಾರಿಯಲ್ಲಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು ಕಟ್ಟಿಸಿಕೊಂಡೆ. ನಮ್ಮ ಕಡೆ ಇಷ್ಟು ಕೈಯಲ್ಲಿದ್ದರೆ ಯಾವ ಆಸ್ಪತ್ರೆಯಲ್ಲೂ ಯಾರೂ ತಡೆಯುವುದಿಲ್ಲ. ಯಾರೋ ರೋಗಿಯ ಕಡೆಯವರು ಎಂದುಕೊಳ್ಳುತ್ತಾರೆ. ಹಾಗೇ ಆಯಿತು. ಒಳಗೆ ಹೋಗಿ ಕಿಟಕಿಯ ಪಕ್ಕದ ಒಬ್ಬ ಅಜ್ಜಿಯ ಹತ್ತಿರ ಪರಿಚಯದವಳಂತೆ ನಿಂತುಕೊಂಡೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಂದ್ಯಾ? ಈಗ್ ನೆಪ್ಪಾದ್ಲಾ ಅತ್ತೆ?" ಎಂದಳು. ನಾನು ಇಲ್ಲ ಎನ್ನುವಷ್ಟರಲ್ಲಿ ಹಿಂದಿನಿಂದ ಸಿಸ್ಟರ್ ಬಂದಳು.

"ಓ, ನೀವೇನಾ ಆ ಸೊಸೆ! ನಾನು ಇಲ್ಲಿ ಸೇರಿದ ಮೇಲೆ ಇವರ ಕಡೆಯೋರು ಒಬ್ಬರೂ ಬಂದಿದ್ದು ನೋಡಿಲ್ಲ. ದಿನಾ ಬಾಗ್ಲು ನೋಡ್ಕೊಂಡು ಕೂತಿರ್ತಾರೆ. ಆ ಕಡೆ ಯಾಕ್ ನಿಂತ್ರಿ? ಆ ಕಿವಿ ಕೇಳಲ್ಲ, ಅದೂ ಗೊತ್ತಿಲ್ವಾ? ಸಕ್ಕರೆ ಕಾಯ್ಲೆ ಇರೋರಿಗೆ ಬಾಳೆಹಣ್ಣು ತಂದಿದ್ದೀರಲ್ರೀ! ಮುದ್ದೆ ಬಿಸಿಯಿದ್ರೆ ಮಾತ್ರ ನುಂಗ್ತಾರೆ, ಆರಿದ್ರೆ ಸುಮ್ನೆ ತಟ್ಟೆ ತಳ್ತಾರೆ, ಬಾಯ್ಬಿಟ್ಟು ಹೇಳಲ್ಲ. ನಾವೇ ನೋಡ್ಕೊಂಡು ಬಿಸಿ ಮಾಡ್ಕೊಡ್ತೀವಿ. ಬಂದಿದ್ದಕ್ಕಾದ್ರೂ ತಲೆ ಬಾಚಿ ಹೋಗಿ."

ಬಾಚಣಿಗೆ ನನ್ನ ಕೈಗೆ ಬಂತು. ಯಾರದೋ ಅತ್ತೆಗೆ ತಲೆ ಬಾಚುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಕೂತೆ. ಜೀವಮಾನದಲ್ಲಿ ಅಷ್ಟು ಬೈಸಿಕೊಂಡು ಅಷ್ಟು ಸಂತೋಷಪಟ್ಟಿದ್ದಿಲ್ಲ. ನಾನು ಹುಡುಕುತ್ತಿದ್ದವಳು ಇವಳೇ. ಬಾಯಿ ಬಿಡದವರ ಹಸಿವು ಇವಳಿಗೆ ತಿಳಿಯುತ್ತದೆ.

ನಾನು ಅಳುವುದನ್ನು ನೋಡಿ ಸಿಸ್ಟರ್ ಸ್ವಲ್ಪ ಮೆತ್ತಗಾದಳು. "ಆಯ್ತು ಬಿಡಿ, ಮುಂದಿನ ಸಲ ಬರುವಾಗ ಗಂಡನ್ನೂ ಕರ್ಕೊಂಡೇ ಬರ್ಬೇಕು" ಎಂದಳು.

ಮೂವತ್ತು ವರ್ಷದಿಂದ ನಮ್ಮ ಬಳಗದ ಕೈಲೇ ಆಗದ ಕೆಲಸವನ್ನು "ಆಗಲಿ ಸಿಸ್ಟರ್" ಎಂದು ಒಪ್ಪಿಕೊಂಡು ಬಂದೆ.

ಬೀಗಿತ್ತಿ

ಮಾರನೆಯ ವಾರ ಚಿಕ್ಕಪ್ಪನೂ ನಾನೂ ಕಾರು ಮಾಡಿಕೊಂಡು ದೊಡ್ಡಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೊರಟೆವು. ದಾರಿಯುದ್ದಕ್ಕೂ ದೊಡ್ಡಮ್ಮ ನನ್ನ ಕೈ ಬಿಡಲಿಲ್ಲ. ಹೆದರಿದ್ದಾಳೆ, ಆದರೆ ಹೇಳುವುದಿಲ್ಲ. ನಾನೇ ಅವಳನ್ನು ಎಲ್ಲಿಗೋ ಸಾಗಹಾಕುತ್ತಿದ್ದೇನೆ ಅನ್ನಿಸಿತು.

ಬಾಗಿಲಲ್ಲೇ ಸಿಸ್ಟರ್ ಸಿಕ್ಕಿದಳು. ನನ್ನನ್ನು ನೋಡಿದಳು, ಗಾಲಿಕುರ್ಚಿಯಲ್ಲಿದ್ದ ದೊಡ್ಡಮ್ಮನನ್ನು ನೋಡಿದಳು. ಅವಳ ಹುಬ್ಬು ಮೇಲೇರಿತು.

"ಅತ್ತೇನ ಬಿಟ್ಟಿದ್ದು ಸಾಲ್ದೂ ಅಂತ ಇನ್ನೊಬ್ರನ್ನ ತಂದ್ರಾ?"

ಚಿಕ್ಕಪ್ಪ ಮುಂದೆ ಬಂದು, "ಅಂಗಲ್ಲ ಕಣವ್ವ, ಇವ್ರು ನಮ್ಮತ್ತಿಗೆ, ಈ ಉಡ್ಗೀನ ಸಾಕ್ದೋರು" ಎಂದರು. ಸಿಸ್ಟರ್ ಕೈ ಕಟ್ಟಿಕೊಂಡು, "ಆಯ್ತು, ಒಳಗೆ ಮಾತಾಡಿ ತಿಳಿಸ್ತೀವಿ" ಎಂದಳು.

ಚಿಕ್ಕಪ್ಪನ ಮುಖ ಇಳಿದುಹೋಯಿತು. ಆ ಮಾತಿನ ಅರ್ಥ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಮನಸ್ಸಿಗೆ ಬಂದ ಜಾಗ ಇದೊಂದೇ, ಇಲ್ಲೂ ನಾನೇ ಫೇಲಾಗಿದ್ದೆ. "ಸಿಸ್ಟರ್, ಅವರು ನನ್ನ ಅತ್ತೆಯಲ್ಲ. ನನಗೆ ಮದುವೆಯೇ ಆಗಿಲ್ಲ. ನೀವು ಹೇಗೆ ನೋಡ್ಕೋತೀರ ಅಂತ ತಿಳಿಯೋಕೆ ಬಂದಿದ್ದೆ" ಎಂದು ಎಲ್ಲ ಹೇಳಿಬಿಟ್ಟೆ. ಸಿಸ್ಟರ್ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು: "ನನ್ ಸೊಸೆ ಕಣ್ರೋ ಅದು! ತಲೆ ಬಾಚಕ್ಕೆ ಬಂದವ್ಳೆ. ಒಳಿಕ್ ಬುಡ್ರೋ!"

ಸಿಸ್ಟರ್ ಕೊನೆಗೂ ನಕ್ಕಳು. ನಗುತ್ತಲೇ ಬಗ್ಗಿ, "ಬಾಯಾರಿದ್ಯಾ ಅಮ್ಮ? ತುಟಿ ಒಣಗಿದೆ" ಎಂದು ದೊಡ್ಡಮ್ಮನಿಗೆ ನೀರು ಕೊಟ್ಟಳು. ಗಾಲಿಕುರ್ಚಿ ತಾನೇ ತಳ್ಳಿಕೊಂಡು ಹೋಗಿ ಆ ಅಜ್ಜಿಯ ಪಕ್ಕದ ಮಂಚಕ್ಕೇ ದೊಡ್ಡಮ್ಮನನ್ನು ಮಲಗಿಸಿದಳು.

ಅಜ್ಜಿ ದೊಡ್ಡಮ್ಮನ ಕಡೆ ತಿರುಗಿ, "ನೀವೇನಾ ಉಡ್ಗೀನ ಸಾಕ್ದೋರು? ಚೆನ್ನಾಗ್ ಸಾಕಿದ್ದೀರ ಬೀಗ್ತಿ. ಬಾಳೆಹಣ್ಣು ತರ್ಬಾರ್ದು ಅನ್ನೋದೊಂದ್ ಯೋಳ್ಕೊಡ್ನಿಲ್ಲ" ಎಂದಳು.

ದೊಡ್ಡಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಹಾಸಿಗೆ ಮುಟ್ಟಿ ನೋಡಿದಳು. ಕಿಟಕಿಯಾಚೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದಳು. ಮನೆಗೆ ಕರೆದುಕೊಂಡು ಹೋಗು ಎನ್ನುತ್ತಾಳೆ ಅಂದುಕೊಂಡೇ ನಾನು ಬಗ್ಗಿದೆ.

"ಮನೆ ಚೆನ್ನಾಗದೆ ಕಣ್ ಮಗಾ. ಅತ್ತೇನೂ ಒಳ್ಳೆವ್ಳೆಯ" ಎಂದು ಪಿಸುಗುಟ್ಟಿದಳು ದೊಡ್ಡಮ್ಮ. "ಗಂಡು ಎಲ್ಲವ್ನೆ?"