ಕನ್ನಡಿಯೊಳಗಿನ ಐದು ಇಪ್ಪತ್ತು: ಗಡಿಯಾರ ಕಂಪನಿಗೊಂದು ದೂರು

ನೀರಿಗಿಳಿಯುವವರ ಗಡಿಯಾರಗಳನ್ನು ತಯಾರಿಸುವ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ತಮ್ಮ ಕಾರ್ಖಾನೆಯ ಸಮಸ್ತ ಸಿಬ್ಬಂದಿಯೂ ಸುಕ್ಷೇಮವಾಗಿರುವಿರೆಂದು ನಂಬಿ, ಮೊದಲಿಗೆ ನನ್ನ ನಮಸ್ಕಾರಗಳನ್ನು ಎಡಗೈಯಲ್ಲೇ ಬರೆದು ಸಲ್ಲಿಸುತ್ತಿದ್ದೇನೆ. ತಮ್ಮ ಗಡಿಯಾರವೂ ಸುಕ್ಷೇಮವಾಗಿದೆ. ಕ್ಷೇಮ ತಪ್ಪಿರುವುದು ನಮ್ಮ ಮನೆಯೊಂದರಲ್ಲೇ, ಅದೂ ತಮ್ಮ ಗಡಿಯಾರ ತಪ್ಪು ಸಮಯ ತೋರಿಸಿದ್ದರಿಂದಲ್ಲ, ಸರಿಯಾದ ಸಮಯ ತೋರಿಸಿದ್ದರಿಂದ. ಇದು ಹೇಗೆಂದು ವಿವರಿಸಲು ತಮ್ಮ ಅಮೂಲ್ಯ ಸಮಯವನ್ನು ಸ್ವಲ್ಪ ಬೇಡುತ್ತೇನೆ. ಸಮಯ ತಮ್ಮಲ್ಲಿ ಧಾರಾಳವಾಗಿ ತಯಾರಾಗುತ್ತದೆಂದು ಕೇಳಿದ್ದೇನೆ.

ನಾನು ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ ನಡೆಸುವವನು, ಹುಟ್ಟಾ ಎಡಚ. ಲೋಕದ ಕತ್ತರಿಗಳೆಲ್ಲ ಬಲಗೈಯವರಿಗಾಗಿ ಹುಟ್ಟಿದವು. ಚಿಕ್ಕಂದಿನಲ್ಲಿ ನಾನು ಎಡಗೈಯಲ್ಲಿ ಕತ್ತರಿ ಹಿಡಿದಾಗಲೆಲ್ಲ, ಇದೇ ಅಂಗಡಿ ನಡೆಸುತ್ತಿದ್ದ ನಮ್ಮಪ್ಪ "ಎಡಗೈ ನೋಡಿದ್ರೆ ಗಿರಾಕಿ ಕಿವಿ ಮುಚ್ಕೊಂಡು ಓಡ್ತಾನೆ" ಎಂದು ಕಸಿದುಕೊಳ್ಳುತ್ತಿದ್ದರು. ಆಗ ನನ್ನ ಅಕ್ಕ ತನ್ನ ಮೊಣಕಾಲುದ್ದದ ಜಡೆ ಬಿಚ್ಚಿ ನನ್ನ ಮುಂದೆ ಕೂತು, "ನನ್ನ ತಲೆ ಮೇಲೆ ಕಲಿ, ಹಾಳಾದ್ರೆ ಮತ್ತೆ ಬೆಳೆಯತ್ತೆ" ಎಂದಳು. ಹಾಳಾಯಿತು. ಮತ್ತೆ ಬೆಳೆಯಿತು. ಹಾಗೆ ಕಲಿತ ಕೈಯಿಂದಲೇ ಇಂದಿಗೂ ನಮ್ಮ ಮನೆ ನಡೆಯುತ್ತಿದೆ. ಅಪ್ಪ ತೀರಿಕೊಂಡ ಮೇಲೆ ಮನೆಯೆಂದರೆ ನಾನು ಮತ್ತು ಅಕ್ಕ, ಅಷ್ಟೇ.

ತಮ್ಮ ಎಡಗೈ ಟೈಟಾನಿಯಂ ಗಡಿಯಾರವನ್ನು ನನಗೆ ಕೊಡಿಸಿದವಳೂ ಅವಳೇ. ಅದರ ಗುಣಗಾನ ಮಾಡದೆ ದೂರಿಗೆ ಇಳಿದರೆ ನಾಲಿಗೆಗೆ ಹುಳ ಬಿದ್ದೀತು. ಸಮಯ ತಿದ್ದುವ ಗುಂಡಿಯನ್ನು ಎಡ ಅಂಚಿಗೆ ಇಟ್ಟು, ಬಲ ಮಣಿಕಟ್ಟಿನಲ್ಲಿ ಕಟ್ಟಿಕೊಂಡವನ ಎಡಗೈ ಬೆರಳಿಗೆ ತಾನಾಗಿ ಸಿಗುವಂತೆ ಮಾಡಿದ್ದೀರಿ. ಇಷ್ಟು ವರ್ಷ ನಾನು ಗಡಿಯಾರವನ್ನು ಬಿಚ್ಚದೆ ಸಮಯ ತಿದ್ದಿದ್ದೇ ಇಲ್ಲ. ಲೋಹವೋ, ಕಟ್ಟಿಕೊಂಡಿದ್ದೇನೆಂಬುದೇ ಮರೆತುಹೋಗುವಷ್ಟು ಹಗುರ. ಚಳಿಯ ಬೆಳಗಿನಲ್ಲೂ ಸ್ಟೀಲಿನಂತೆ ಚುರುಕ್ಕೆನ್ನುವುದಿಲ್ಲ. ದಿನವಿಡೀ ಸೋಪಿನ ನೊರೆಯಲ್ಲಿ ನೆನೆದು ತುರಿಸುತ್ತಿದ್ದ ನನ್ನ ಮಣಿಕಟ್ಟು ಈಗ ಹಸುಗೂಸಿನ ಕೆನ್ನೆಯಾಗಿದೆ. ಇನ್ನೂರು ಮೀಟರ್ ಆಳದ ನೀರಿಗೂ ಜಗ್ಗದೆಂದು ಬರೆದಿದ್ದೀರಿ. ಈಜು ಬಾರದ ನಾನು ಅದನ್ನು ಇಳಿಸಿರುವ ಅತಿ ಹೆಚ್ಚಿನ ಆಳವೆಂದರೆ ಗಡ್ಡದ ನೊರೆ ಕಲಸುವ ಬಟ್ಟಲು, ಅಲ್ಲಿ ಅದು ಒಂದು ಸಲವೂ ಉಸಿರುಗಟ್ಟಿಲ್ಲ. ಮುಖದ ಸುತ್ತ ತಿರುಗುವ ಬಳೆ, ಮುಳುಗಿದವನ ಉಸಿರಿನ ಲೆಕ್ಕ ತಪ್ಪದಿರಲೆಂದು ಒಂದೇ ದಿಕ್ಕಿಗೆ ತಿರುಗುತ್ತದಂತೆ; ನಾನು ಅದರಿಂದ ಗಿರಾಕಿಗಳ ತಲೆಗೆ ಹಚ್ಚಿದ ಬಣ್ಣ ಎಷ್ಟು ಹೊತ್ತು ನೆನೆಯಬೇಕೆಂದು ನೋಡಿಕೊಳ್ಳುತ್ತೇನೆ. ಬದುಕಿನಲ್ಲಿ ಮೊದಲ ಸಲ ಒಂದು ವಸ್ತು ನನ್ನ ಕೈ ನೋಡಿ ಮುಖ ಸಿಂಡರಿಸಲಿಲ್ಲ. ಅದನ್ನು ಮೊದಲು ಕಟ್ಟಿಕೊಂಡ ದಿನ ನನ್ನ ಕಣ್ಣು ತುಂಬಿ ಬಂತು, ಅದನ್ನು ಬಚ್ಚಿಡುವುದೇಕೆ.

ಈಗ ದೂರಿಗೆ ಬರುತ್ತೇನೆ.

ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದ್ದೊಂದು ಗೋಡೆ ಗಡಿಯಾರವಿದೆ. ಅದು ಉಲ್ಟಾ ಗಡಿಯಾರ. ಅಂಕಿಗಳೂ ಉಲ್ಟಾ, ಮುಳ್ಳುಗಳು ತಿರುಗುವುದೂ ಉಲ್ಟಾ. ಕುರ್ಚಿಯಲ್ಲಿ ಕೂತ ಗಿರಾಕಿ ತಲೆ ತಿರುಗಿಸುವಂತಿಲ್ಲ, ತಿರುಗಿಸಿದರೆ ಕಿವಿಗೆ ಸಂಚಕಾರ. ಆದ್ದರಿಂದ ಎದುರಿನ ಕನ್ನಡಿಯಲ್ಲಿ ನೋಡಿದರೆ ಸರಿಯಾಗಿ ಕಾಣಲೆಂದು ಅಪ್ಪ ಅದನ್ನು ಹಿಂದಿನ ಗೋಡೆಗೆ ತೂಗುಹಾಕಿದ್ದರು. ಹೀಗಾಗಿ ನಮ್ಮ ಅಂಗಡಿಯಲ್ಲಿ ಕನ್ನಡಿಯಲ್ಲಿ ಕಂಡ ಸಮಯವೇ ಸಮಯವೆಂಬ ನಂಬಿಕೆ ಗಿರಾಕಿಗಳ ರಕ್ತದಲ್ಲಿ ಸೇರಿಹೋಗಿದೆ. ಮೊನ್ನೆ ಅದು ನಿಂತುಹೋಯಿತು. ರಿಪೇರಿಗೆ ಕೊಟ್ಟರೆ, ಆ ಪುಣ್ಯಾತ್ಮ ಮುಳ್ಳು ಹಿಂದಕ್ಕೆ ಓಡುವುದೇ ಅದರ ರೋಗವೆಂದು ತಿಳಿದು, ಬಹಳ ಶ್ರಮಪಟ್ಟು ಮುಂದಕ್ಕೆ ಓಡುವಂತೆ ಮಾಡಿ ಕಳಿಸಿದ. ಈಗ ಮತ್ತೆ ಕೆಡಿಸಿ ಕೊಡಪ್ಪಾ ಎಂದು ಅವನ ಬಳಿ ಬಿಟ್ಟು ಬಂದಿದ್ದೇನೆ.

ಆ ಖಾಲಿ ಜಾಗಕ್ಕೆ ತಮ್ಮ ಗಡಿಯಾರ ಬಂತು. ಕತ್ತರಿ ಆಡಿಸುವಾಗ ಅದರ ಪಟ್ಟಿಯ ಕೊಂಡಿಗಳಿಗೆ ಗಿರಾಕಿಯ ಕೂದಲು ಸಿಕ್ಕಿ ಎಳೆಯುತ್ತಿತ್ತು. ಹಾಗಾಗಿ ಅದನ್ನು ಬಿಚ್ಚಿ, ಸುತ್ತಿಟ್ಟ ಟವೆಲ್ಲೊಂದಕ್ಕೆ ತೊಡಿಸಿ, ಕುರ್ಚಿಯ ಹಿಂದಿನ ಶೆಲ್ಫಿನ ಮೇಲೆ ಕನ್ನಡಿಗೆ ಮುಖ ಮಾಡಿ ಇಟ್ಟೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನ್ನ ಮಣಿಕಟ್ಟಿನ ಹೆಮ್ಮೆಗೆ ಬೇಕಾಗಿತ್ತು. ನಾನಾದರೋ ಕುತ್ತಿಗೆ ತಿರುಗಿಸಿ ನೇರವಾಗಿ ನೋಡಿಕೊಳ್ಳುತ್ತಿದ್ದೆ. ಗಿರಾಕಿಗಳು ಕನ್ನಡಿಯಲ್ಲಿ ನೋಡಿದರು. ಮಾಮೂಲಿ ಗಡಿಯಾರವಾಗಿದ್ದರೆ ಗುಂಡಿ ಎಡಕ್ಕೆ ಕಂಡು ಯಾರಾದರೂ ಹುಬ್ಬೇರಿಸುತ್ತಿದ್ದರೇನೋ. ತಮ್ಮ ಎಡಗೈ ಗಡಿಯಾರ ಕನ್ನಡಿಯಲ್ಲಿ ಅಪ್ಪಟ ಬಲಗೈ ಗಡಿಯಾರವಾಗಿಬಿಡುತ್ತದೆ, ಗುಂಡಿ ಇರಬೇಕಾದ ಕಡೆಗೇ ಇರುತ್ತದೆ. ಅಂಕಿಗಳಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ತಾವು ಅಂಕಿಯ ಬದಲು ಚುಕ್ಕಿಗಳನ್ನಿಟ್ಟಿದ್ದೀರಿ, ಚುಕ್ಕಿಗೆ ಎಡವೇನು ಬಲವೇನು. ತಮ್ಮ ಕಂಪನಿಯ ಹೆಸರು ಮಾತ್ರ ತಿರುಗುಮುರುಗಾಗಿ ಕಾಣುತ್ತದೆ, ಆದರೆ ನೇರವಾಗಿ ಕಂಡಾಗಲೂ ಅದನ್ನು ಗುರುತಿಸಿದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಇನ್ನು ಅಕ್ಕನ ಕೆಲಸವನ್ನು ಹೇಳಬೇಕು. ನಿಲ್ದಾಣದಲ್ಲಿ ಯಾವ ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಕೂಗುವವಳು ಅವಳು. ಸೇವೆಗೆ ಸೇರಿದಂದಿನಿಂದ ಒಂದು ದಿನವೂ ತಡವಾಗಿ ಹೋದವಳಲ್ಲ. ಬಂದ ವರಗಳನ್ನೆಲ್ಲ ಬೇಡವೆನ್ನುತ್ತಲೇ ನಲವತ್ತು ದಾಟಿದವಳು, ಈಚೆಗೆ ಯಾರನ್ನೋ ಭೇಟಿಯಾಗುತ್ತೇನೆಂದು ಹೇಳಿ ನನ್ನನ್ನು ಬೆಚ್ಚಿಬೀಳಿಸಿದಳು. ಯಾರೆಂದು ಕೇಳಿದರೆ, "ಪ್ಲಾಟ್‌ಫಾರಂ ಗೊತ್ತಾಗೋವರೆಗೂ ರೈಲು ಕೂಗಲ್ಲ ನಾನು" ಎಂದಳು. ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯುವಾಗ ಒಂದು ಮಗು ತಪ್ಪಿಸಿಕೊಂಡಿತೆಂದು ಗಾಬರಿಯಿಂದ ಅವಳ ಕೊಠಡಿಗೆ ನುಗ್ಗಿದ ಈಜು ಮಾಸ್ತರರೇ ಆ ವ್ಯಕ್ತಿಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನ ಕುರ್ಚಿಯಲ್ಲಿ ಬಂದು ಕೂತವರನ್ನು ಕತ್ತು ಹಿಡಿದಾದರೂ ಎಬ್ಬಿಸಿ ಕಳಿಸುತ್ತಿದ್ದೆ.

ಆ ದಿನ ಈಜುಕೊಳಕ್ಕೆ ರಜೆ. ಮಾಸ್ತರರು ಮಧ್ಯಾಹ್ನ ಮಲಗಿ ಎದ್ದು, ನೀಟಾಗಿ ಗಡ್ಡ ಮಾಡಿಸಿಕೊಂಡು ಹೋಗೋಣವೆಂದು ಬಂದಿದ್ದರು. ಸದಾ ನೀರಿನಲ್ಲಿರುವ ಅವರ ಕೈಯಲ್ಲಿ ಗಡಿಯಾರವಿಲ್ಲ. ಕೊಳದ ಗೋಡೆಯಲ್ಲಿರುವುದೇ ಅವರ ಗಡಿಯಾರ. ಫೋನು ಜೇಬಿನಲ್ಲಿ, ಜೇಬು ನಾನು ಹೊದಿಸಿದ ಬಟ್ಟೆಯೊಳಗೆ. ನೊರೆಯ ನಡುವಿನಿಂದ ಅವರು ಕನ್ನಡಿ ನೋಡಿದಾಗ ಗಂಟೆ ಆರು ನಲವತ್ತು. ಕನ್ನಡಿಯೊಳಗೆ ಐದು ಇಪ್ಪತ್ತು. ಏಳು ಗಂಟೆಗೆ ಬೀದಿಯ ಆ ತುದಿಯ ಕಾಫಿ ಅಂಗಡಿಯಲ್ಲಿ ಅಕ್ಕನನ್ನು ಕಾಣಬೇಕಿದ್ದ ಆ ಮನುಷ್ಯ ನಿರಾಳವಾಗಿ ಉಸಿರುಬಿಟ್ಟು, "ಬೇಕಾದಷ್ಟು ಟೈಮಿದೆ, ಹಂಗೇ ಒಂದು ತಲೆ ಮಸಾಜೂ ಆಗ್ಲಿ" ಎಂದರು. ನಾನೂ ಸಂತೋಷದಿಂದ ತಿಕ್ಕಿದೆ ಸ್ವಾಮಿ, ನಮ್ಮಕ್ಕನ ಭಾವೀ ಗಂಡನ ತಲೆಯನ್ನು, ಅಕ್ಕ ಬೀದಿಯ ಆ ತುದಿಯಲ್ಲಿ ಕಾಯುತ್ತಿರುವಾಗ, ಎರಡು ಕೈಯಲ್ಲೂ ತಿಕ್ಕಿದೆ.

ಅಕ್ಕ ಹತ್ತು ನಿಮಿಷ ಕಾದು ಎದ್ದು ಬಂದಳು. ಮರುದಿನ ಮಾಸ್ತರರು ಅಂಗಡಿಗೆ ಬಂದು ಗೋಳು ತೋಡಿಕೊಂಡ ಮೇಲೆ ನನಗೆ ಎಲ್ಲ ಹೊಳೆದು, ಓಡಿಹೋಗಿ ಅವಳಿಗೆ ಕನ್ನಡಿಯ ಕಥೆ ಹೇಳಿದೆ, ಒಂದು ಫೋನ್ ಮಾಡಬಾರದಿತ್ತೇ ಎಂದೆ. "ತಡವಾದ ರೈಲಿಗೆ ಯಾರಾದ್ರೂ ಫೋನ್ ಮಾಡ್ತಾರಾ?" ಎಂದಳು. ಆಮೇಲೆ ತಟ್ಟೆ ತೊಳೆಯುತ್ತಾ, ನನ್ನ ಕಡೆ ತಿರುಗದೆ, "ದಿನಾ ಬೇರೆಯವರ ತಡಕ್ಕೆಲ್ಲ ನಾನು ಮೈಕಲ್ಲಿ ಕ್ಷಮೆ ಕೇಳ್ತೀನಿ ಕಣೋ. ನನ್ನ ಕಾಯಿಸಿದವರು ಕನ್ನಡಿ ಕಥೆ ಹೇಳ್ತಾರೆ. ಗಡಿಯಾರ ನೋಡೋಕೂ ಬರಲ್ವಾ ಮನುಷ್ಯನಿಗೆ?" ಎಂದಳು. ಮಾಸ್ತರರು ಮೂರು ಸಲ ನಿಲ್ದಾಣಕ್ಕೆ ಹೋದರು. ಮೂರು ಸಲವೂ ಅವಳು ಕೊಠಡಿಯ ಬಾಗಿಲು ತೆರೆಯಲಿಲ್ಲ. ಈಗ ಅವರು ಕೊಳದ ದಂಡೆಯಲ್ಲಿ ಪೀಪಿ ಊದುವುದನ್ನೂ ಮರೆತು ಕೂತಿರುತ್ತಾರಂತೆ, ಮಕ್ಕಳು ಮನಸ್ಸಿಗೆ ಬಂದ ಕಡೆ ಈಜುತ್ತಿವೆಯಂತೆ. ಅಕ್ಕ ರೈಲುಗಳನ್ನು ಎಂದಿನಂತೆ ಕೂಗುತ್ತಾಳೆ, ಮನೆಗೆ ಬಂದರೆ ಮಾತಿಲ್ಲ. ತನ್ನ ಜಡೆಯನ್ನೇ ನನ್ನ ಎಡಗೈಗೆ ಕೊಟ್ಟವಳ ಭಾಗ್ಯವನ್ನು ನನ್ನ ಎಡಗೈ ಗಡಿಯಾರವೇ ಕಸಿಯಿತಲ್ಲ ಎಂದು ನನಗೆ ಅನ್ನ ಸೇರುತ್ತಿಲ್ಲ.

ಆದ್ದರಿಂದ, ಮಾನ್ಯರೇ, ನೀರಿನಡಿಯ ಅಪರಿಚಿತನ ಉಸಿರಿಗಾಗಿ ಒಂದೇ ದಿಕ್ಕಿಗೆ ತಿರುಗುವ ಬಳೆ ಮಾಡಿದ ದಯಾಮಯರಾದ ತಾವು, ದಡದ ಮೇಲೆ ನೊರೆ ಮೆತ್ತಿಕೊಂಡು ಕೂತ ಮದುವೆ ಗಂಡಿನ ಮೇಲೂ ಕೃಪಾದೃಷ್ಟಿ ಬೀರಬೇಕೆಂದು ಕೋರುತ್ತೇನೆ. ಮುಂದಿನ ಗಡಿಯಾರವು ಎದುರಿಗೆ ಕನ್ನಡಿ ಇದೆಯೆಂದು ತಾನೇ ಅರಿತು ಹಿಂದಕ್ಕೆ ಓಡುವಂತಿರಲಿ. ಇಲ್ಲವೇ ಕನ್ನಡಿ ಕಂಡ ಕೂಡಲೇ ನಾಚಿ ಕಣ್ಣು ಮುಚ್ಚಿಕೊಳ್ಳಲಿ. ಕತ್ತಲಲ್ಲಿ ಹಸಿರಾಗಿ ಹೊಳೆಯುವ ಆ ಚುಕ್ಕಿಗಳು, ಒಬ್ಬ ಹೆಂಗಸು ಬೀದಿಯ ಆ ತುದಿಯಲ್ಲಿ ಕಾಯುತ್ತಿದ್ದಾಳೆಂದರೆ ಕೆಂಪಾಗಿ ಹೊಳೆಯಲಿ. ಇದಾವುದೂ ಈ ವರ್ಷದ ಬಜೆಟ್ಟಿನಲ್ಲಿ ಆಗದಿದ್ದರೆ, ಕಡೆಗೆ ಒಂದು ಪ್ರಮಾಣಪತ್ರವನ್ನಾದರೂ ದಯಪಾಲಿಸಿ: "ನಮ್ಮ ಎಡಗೈ ಗಡಿಯಾರವನ್ನು ಕನ್ನಡಿಯಲ್ಲಿ ಕಂಡರೆ ಎಂಥ ಬುದ್ಧಿವಂತರೂ ಮೋಸಹೋಗುತ್ತಾರೆ, ಈಜು ಮಾಸ್ತರರು ನಿರ್ದೋಷಿಗಳು" ಎಂದು ಬರೆದು, ದೊಡ್ಡದೊಂದು ಮೊಹರು ಒತ್ತಿ ಕಳಿಸಿ. ತಮ್ಮನ ಮಾತು ನಂಬದವಳು ಮೊಹರನ್ನಾದರೂ ನಂಬಿಯಾಳು. ತಮ್ಮ ಉತ್ತರದ ದಾರಿಯನ್ನು ನೇರವಾಗಿಯೂ ಕನ್ನಡಿಯಲ್ಲಿಯೂ ನೋಡುತ್ತಿರುತ್ತೇನೆ.

ಇಂತಿ,
ಎಡಗೈಯಲ್ಲಿ ಕತ್ತರಿ, ಬಲಗೈಯಲ್ಲಿ ತಮ್ಮ ಗಡಿಯಾರ ಹೊತ್ತ
ತಮ್ಮ ವಿಶ್ವಾಸಿ,
ನಿಲ್ದಾಣದ ಹಿಂದಿನ ಬೀದಿಯ ಎಡಚ

ಮರೆತ ಮಾತು: ಪ್ರಮಾಣಪತ್ರ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಈ ಪತ್ರ ಬರೆದು ಮುಗಿಸಿದ ದಿನವೇ, ರಾತ್ರಿ ಪಾಳಿ ಮಾಡಿ ಹಗಲೆಲ್ಲ ಮಲಗೆದ್ದ ಅಕ್ಕ ಕೂದಲಿನ ತುದಿ ಕತ್ತರಿಸಿಕೊಂಡು ಕೆಲಸಕ್ಕೆ ಹೋಗೋಣವೆಂದು ಅಂಗಡಿಗೆ ಬಂದಳು. ಗೋಡೆ ಗಡಿಯಾರ ರಿಪೇರಿಯಿಂದ ಇನ್ನೂ ಬಂದಿರಲಿಲ್ಲ, ತಮ್ಮದೇ ಶೆಲ್ಫಿನ ಮೇಲಿತ್ತು. ಕುರ್ಚಿಯಲ್ಲಿ ಕೂತವಳು ಎದುರಿಗಿದ್ದ ಈ ಪತ್ರವನ್ನು ಎತ್ತಿಕೊಂಡು ಓದತೊಡಗಿದಳು. ಜಡೆಯ ಭಾಗ ಬಂದಾಗ ಮೂಗೆಳೆದುಕೊಂಡ ಸದ್ದು ಕೇಳಿತು. ತಲೆಯೆತ್ತಿ ಕನ್ನಡಿ ನೋಡಿ, "ಇನ್ನೂ ಬೇಕಾದಷ್ಟು ಟೈಮಿದೆ, ಇನ್ನೊಂದಿಂಚು ತೆಗಿ" ಎಂದಳು. ನಾನು ಅವಳ ಕೈಯಲ್ಲಿದ್ದ ಪತ್ರದ ಕಡೆಗೇ ಕಣ್ಣಿಟ್ಟಿದ್ದೆನಾಗಿ ಗಡಿಯಾರದ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಸಂಜೆಯ ರೈಲು ಕೂಗಿಕೊಂಡು ನಿಲ್ದಾಣಕ್ಕೆ ನುಗ್ಗಿತು. ಅಕ್ಕ ಕನ್ನಡಿಯನ್ನೇ ದಿಟ್ಟಿಸುತ್ತಾ, "ಇದಕ್ಕೇನು ಬಂತೋ, ಎರಡು ಗಂಟೆ ಮುಂಚೆ ಬಂದಿದೆ!" ಎಂದಳು. ರೈಲೇ ತಪ್ಪಿರಬೇಕೆಂದುಕೊಂಡಳೇ ಹೊರತು ತಾನು ತಡವಾಗಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ. ನಾನು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದೆ. ಅವಳು ಗಡಿಯಾರವನ್ನು ನೇರವಾಗಿ ನೋಡಿದಳು. ಕತ್ತಿಗೆ ಕಟ್ಟಿದ ಬಟ್ಟೆಯ ಸಮೇತ, ಒಂದು ಕಡೆ ಗಿಡ್ಡ ಒಂದು ಕಡೆ ಉದ್ದ ಕೂದಲಿನಲ್ಲಿ ಓಡಿದಳು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಅವಳ ದನಿ ಏದುಸಿರು ಬಿಡುತ್ತಾ ಕೇಳಿಸಿತು: "ಪ್ರಕಟಣೆ ತಡವಾದದ್ದಕ್ಕೆ ವಿಷಾದಿಸುತ್ತೇವೆ. ತಪ್ಪು ರೈಲಿನದಲ್ಲ." ಮರುದಿನ ಬೆಳಿಗ್ಗೆ ಅದೇ ಅರ್ಧ ಕತ್ತರಿಸಿದ ತಲೆಯಲ್ಲೇ ಈಜುಕೊಳಕ್ಕೆ ಹೋಗಿ, ಮಾಸ್ತರರ ಪಕ್ಕ ದಂಡೆಯ ಮೇಲೆ ಕೂತಳಂತೆ.

ಮದುವೆ ನೋಂದಣಿಯ ದಿನ ಗೊತ್ತಾಗಿದೆ. ಆ ಬೆಳಿಗ್ಗೆ ಮದುಮಗ ಗಡ್ಡ ಮಾಡಿಸಿಕೊಳ್ಳುವುದು ನನ್ನ ಕುರ್ಚಿಯಲ್ಲೇ. ಆಮೇಲೆ ಮನೆಯಲ್ಲಿ ನಾನೊಬ್ಬನೇ, ತಮ್ಮ ಗಡಿಯಾರ ಜೊತೆಗೆ. ಅದು ಮಾತಾಡುವುದಿಲ್ಲವೆಂಬುದು ನನ್ನ ಮುಂದಿನ ದೂರು. ತಾವೂ ತಪ್ಪದೆ ಬರಬೇಕು. ತಮ್ಮ ಕಂಪನಿಯದೇ ಗಡಿಯಾರ ನೋಡಿಕೊಂಡು ಹೊರಟರೂ ನಮಗೆ ಭಯವಿಲ್ಲ, ಏಕೆಂದರೆ ಅಕ್ಕ ಕಚೇರಿಯವರಲ್ಲಿ ಹಟ ಹಿಡಿದು ಮಧ್ಯಾಹ್ನ ಹನ್ನೆರಡಕ್ಕೇ ಸಮಯ ಕೇಳಿ ಪಡೆದಿದ್ದಾಳೆ: ನೇರವಾಗಿ ನೋಡಿದರೂ ಹನ್ನೆರಡೇ, ಕನ್ನಡಿಯಲ್ಲಿ ನೋಡಿದರೂ ಹನ್ನೆರಡೇ.