ಬಿಸಿನೀರಿನಲ್ಲಿ ಜಾರಿದ ಹೆಸರು

ಓದುಗರ ಪ್ರಶ್ನೆಗಳಿಗೆ ಇನ್ನು ಮುಂದೆ ನಾನು ತಲೆ ತಪ್ಪಿಸಿಕೊಂಡು ಓಡಾಡುವುದಿಲ್ಲ, ಎದೆಯೊಡ್ಡಿ ನಿಲ್ಲುತ್ತೇನೆ, ಒಂದೇ ಬೆಳಗಿನಲ್ಲಿ ಎಲ್ಲರಿಗೂ ಉತ್ತರ ಕೊಟ್ಟು ಈ ಪೀಡೆಯನ್ನು ಶಾಶ್ವತವಾಗಿ ತೊಲಗಿಸುತ್ತೇನೆ ಎಂದು ಅಕ್ಟೋಬರಿನ ಒಂದು ಸೋಮವಾರ ಕಾಫಿ ಕುಡಿಯುತ್ತ ಘೋಷಿಸಿದೆ. ಎದುರಿಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ನನ್ನ ಹೆಂಡತಿ ಆಲ್ಡೀಸ್ ತಲೆಯನ್ನೂ ಎತ್ತಲಿಲ್ಲ.

"ಉತ್ತರ ಕೊಡೋಕೆ ಮೊದಲು ಉತ್ತರ ಗೊತ್ತಿರಬೇಕಲ್ಲ, ಬೆರ್ಗುರ್?" ಎಂದಳು.

ಅಲ್ಲೇ ಇರುವುದು ನೋಡಿ ನನ್ನ ಸಂಕಟ. ನಾನು ಬರೆದಿರುವುದು ಆರು ಸಂಪುಟಗಳ ಕಾದಂಬರಿ. ಅದರ ನಾಯಕಿ ಉನ್ನುರ್. ಅವಳ ತಾಯಿ ಹಾಲ್ಲಾ ಮಗಳನ್ನು ಹೆತ್ತು, ತಂದೆ ಯಾರೆಂದು ಹೇಳದೆ ಮೊದಲನೆಯ ಸಂಪುಟದಲ್ಲೇ ಕಣ್ಣು ಮುಚ್ಚಿದಳು. ಅಲ್ಲಿಂದ ಮುಂದೆ ಉನ್ನುರ್ ತಂದೆಯನ್ನು ಹುಡುಕುತ್ತಿದ್ದಾಳೆ, ಓದುಗರು ಅವಳ ಹಿಂದೆ ಹುಡುಕುತ್ತಿದ್ದಾರೆ, ನಾನು ಅವರೆಲ್ಲರ ಹಿಂದೆ ಹುಡುಕುತ್ತಿದ್ದೇನೆ! ಆಣೆ ಮಾಡಿ ಹೇಳುತ್ತೇನೆ, ಆ ತಂದೆ ಯಾರೆಂದು ನನಗೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ಒಂದು ನಿಗೂಢ ನಗೆ ನಕ್ಕುಬಿಡುತ್ತಿದ್ದೆ. ಆ ನಗೆಯ ಹಿಂದೆ ಏನೂ ಇಲ್ಲ ಎಂಬ ಸತ್ಯ ತಿಳಿದವಳು ಆಲ್ಡೀಸ್ ಒಬ್ಬಳೇ.

ನಮ್ಮ ಐಸ್‌ಲ್ಯಾಂಡಿನಲ್ಲಿ ಮದುವೆಗೆ ಮುಂಚೆ ಮಗು ಹುಟ್ಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮದುವೆಯೇನು, ಪುರುಸೊತ್ತಾದಾಗ ಮಾಡಿಕೊಂಡರಾಯಿತು. ಆದರೆ ಮಗು ಯಾರದ್ದು ಎಂದು ತಿಳಿಯದಿದ್ದರೆ ಮಾತ್ರ ಊರಿಗೆ ಊರೇ ನಿದ್ದೆಗೆಡುತ್ತದೆ. ಇರುವುದೇ ಒಂದು ಹಿಡಿ ಜನ. ಯಾರು ಯಾರಿಗೆ ಅಣ್ಣ, ಯಾರು ಯಾರಿಗೆ ತಂಗಿ ಎಂದು ಗೊತ್ತಿಲ್ಲದೆ ನಾಳೆ ಮಕ್ಕಳು ಪ್ರೀತಿ ಮಾಡಿಕೊಂಡರೆ ಏನು ಗತಿ? ಸಾಲದ್ದಕ್ಕೆ ನಮಗೆ ಮನೆತನದ ಹೆಸರೂ ಇಲ್ಲ. ತಂದೆಯ ಹೆಸರಿಗೆ 'ಸೋನ್' ಅಂಟಿಸಿದರೆ ಮಗ, 'ದೋತ್ತಿರ್' ಅಂಟಿಸಿದರೆ ಮಗಳು. ಹೆಣ್ಣು ಮದುವೆಯಾದರೂ ಅದೇ ಹೆಸರು. ನಿಮ್ಮ ಹೆಸರು ಹೇಳಿದಿರೆಂದರೆ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಬಂದಂತೆಯೇ. ಉನ್ನುರ್ ಪಾಪ, ತಾಯಿಯ ಹೆಸರು ಹಿಡಿದು ಬದುಕುತ್ತಿದ್ದಳು.

ಈ ಸಲ ಏಳನೆಯ ಸಂಪುಟ, ಕೊನೆಯದು. ಕ್ರಿಸ್ಮಸ್ಸಿಗೆ ಜನ ಒಬ್ಬರಿಗೊಬ್ಬರು ಪುಸ್ತಕ ಕೊಡುವ ಪದ್ಧತಿಯಲ್ಲವೇ, ಅದಕ್ಕೆಂದು ನವೆಂಬರಿನಲ್ಲಿ ಮನೆಮನೆಯ ಬಾಗಿಲಿಗೆ ಬಂದು ಬೀಳುವ ಪುಸ್ತಕ ಪಟ್ಟಿಯಲ್ಲಿ ನನ್ನ ಪ್ರಕಾಶಕ ಓರ್ರಿ ಆಗಲೇ ಇಡೀ ಪುಟ ಹಿಡಿದಿದ್ದ. 'ಕೊನೆಗೂ ಉನ್ನುರ್‌ಗೆ ತಂದೆ ಸಿಕ್ಕ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದನಂತೆ. ಸಿಕ್ಕಿದ್ದು ಓರ್ರಿಗೆ, ನನಗಲ್ಲ. ಕೊನೆಯ ಅಧ್ಯಾಯ ಇನ್ನೂ ಖಾಲಿ ಹಾಳೆ.

ಅಂಥ ಸ್ಥಿತಿಯಲ್ಲಿ ಓದುಗರನ್ನು ಎದುರಿಸಲು ಹೊರಟೆ. ನಮ್ಮ ಅಕುರೇರಿಯಲ್ಲಿ ಅದಕ್ಕೆ ಸಭೆ, ವೇದಿಕೆ, ಹಾರ ಏನೂ ಬೇಡ. ಈಜುಕೊಳದ ಪಕ್ಕದಲ್ಲಿರುವ ಬಿಸಿನೀರಿನ ತೊಟ್ಟಿಗೆ ಹೋದರೆ ಸಾಕು. ಬೆಳಿಗ್ಗೆ ಊರಿನ ಅರ್ಧ ಜನ ಕುತ್ತಿಗೆಯವರೆಗೆ ಮುಳುಗಿಕೊಂಡು ಸರ್ಕಾರವನ್ನು ಉರುಳಿಸುವುದೋ ಉಳಿಸುವುದೋ ಎಂದು ತೀರ್ಮಾನಿಸುತ್ತಿರುತ್ತಾರೆ. ಪ್ರಶ್ನೆ ಕೇಳಿಸಿಕೊಂಡವನು ಅಲ್ಲಿಂದ ಓಡುವಂತಿಲ್ಲ. ಮೈಮೇಲೆ ಇರುವುದು ಒಂದು ಚಡ್ಡಿ, ಹೊರಗೆ ಆಲಿಕಲ್ಲಿನ ಗಾಳಿ.

ನಾನು ಇಳಿದ ಕೂಡಲೇ ರಾನ್ವೇಗ್ ಹಿಡಿದಳು. ಶಾಲೆಯಲ್ಲಿ ನನಗೆ ವ್ಯಾಕರಣ ಕಲಿಸಿದವಳು, ಈಗ ನಿವೃತ್ತೆ, ಆದರೆ ನನ್ನ ವಿಷಯದಲ್ಲಿ ಇನ್ನೂ ನಿವೃತ್ತಿ ತೆಗೆದುಕೊಂಡಿಲ್ಲ. ಹುಡುಗಿಗೆ ಅಪ್ಪ ಸಿಗುತ್ತಾನೋ ಇಲ್ಲವೋ, ಸಿಕ್ಕರೆ ಅವನ ಹೆಸರು ಹಾಕಿಕೊಳ್ಳುತ್ತಾಳೋ ಇಲ್ಲವೋ, ಅಷ್ಟು ಹೇಳು ಎಂದಳು. ಸುತ್ತ ಇದ್ದ ತಲೆಗಳೆಲ್ಲ ಹಬೆಯಲ್ಲಿ ತೇಲಿಕೊಂಡು ಹತ್ತಿರ ಬಂದವು.

ನನಗೆ ಸ್ಫೂರ್ತಿ ಉಕ್ಕಿತು. ನೀರಿನಿಂದ ಒಂದು ಕೈ ಮೇಲೆತ್ತಿದೆ. "ಹಾಕ್ಕೊಳ್ತಾಳೆ ರಾನ್ವೇಗ್. ಕೊನೇ ಸಾಲಿನಲ್ಲಿ ಎದ್ದು ನಿಂತು ಹೇಳ್ತಾಳೆ, ನಾನು ಉನ್ನುರ್..." ಎಂದೆ. ಇಲ್ಲಿ ಗಪ್ಪನೆ ನಿಲ್ಲಿಸಿ ಆ ನಿಗೂಢ ನಗೆ ನಗುವುದು ನನ್ನ ಯೋಜನೆ. ನಾನು ನಿಂತೆ, ನಾಲಿಗೆ ನಿಲ್ಲಲಿಲ್ಲ.

"...ಗ್ರೀಮ್ಸ್‌ದೋತ್ತಿರ್."

ಅದು ನನ್ನ ಹೆಂಡತಿಯ ಹೆಸರು! ಮದುವೆಯಾದಾಗಿನಿಂದ ಔಷಧಿ ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ವರ್ಕ್‌ಶಾಪಿನಲ್ಲಿ 'ಆಲ್ಡೀಸ್ ಗ್ರೀಮ್ಸ್‌ದೋತ್ತಿರ್ ಹೆಸರಲ್ಲಿ ಏನಾದರೂ ಬಂದಿದೆಯಾ' ಎಂದು ಕೇಳಿ ಕೇಳಿ ನಾಲಿಗೆಗೆ ಅದೊಂದೇ ದಾರಿ ಗೊತ್ತು. ಹೆಂಗಸಿನ ಹೆಸರು ಶುರುವಾದರೆ ಆ ದಾರಿಯಲ್ಲೇ ಮನೆಗೆ ಹೋಗುತ್ತದೆ.

"ಗ್ರೀಮುರ್‌ನ ಮಗಳು" ಎಂದಳು ರಾನ್ವೇಗ್, ಮೆಲ್ಲಗೆ, ಕಾಗುಣಿತ ಬಿಡಿಸಿದಂತೆ. "ಯಾವ ಗ್ರೀಮುರ್?"

ಬಾಯಿ ತಪ್ಪಿ ಬಂತು ಎಂದೆ. ಕಾದಂಬರಿಕಾರನ ಬಾಯಿ ಸುಮ್ಮಸುಮ್ಮನೆ ತಪ್ಪುವುದಿಲ್ಲ ಎಂದು ಆಕೆ ತೀರ್ಪು ಕೊಟ್ಟಳು. ಉಳಿದವರು ತಲೆಯಾಡಿಸಿದರು. ನಮ್ಮ ಊರಿನಲ್ಲಿ ಕಾದಂಬರಿಯನ್ನು ಕಾದಂಬರಿ ಎಂದು ಓದುವವರು ಯಾರೂ ಇಲ್ಲ, ಪಕ್ಕದ ಮನೆಯ ಸುದ್ದಿ ಎಂದೇ ಓದುತ್ತಾರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಒದ್ದೆ ತಲೆಯಲ್ಲಿ ಮನೆ ಸೇರುವ ಹೊತ್ತಿಗೆ ಸುದ್ದಿ ಕಾರಿನಲ್ಲಿ ಬಂದು ಕಾಫಿ ಕುಡಿದು ಹೋಗಿತ್ತು. ಆಲ್ಡೀಸ್ ಬಾಗಿಲಲ್ಲೇ ನಿಂತಿದ್ದಳು.

"ಊರಲ್ಲಿ ಇಷ್ಟು ಹೆಸರಿವೆ. ನಮ್ಮಪ್ಪಂದೇ ಬೇಕಿತ್ತಾ ನಿನಗೆ?"

"ಅದು ನಿನ್ನ ಹೆಸರು ಕಣೇ. ಪ್ರೀತಿ ಹೆಚ್ಚಾಗಿ ಬಂದುಬಿಡ್ತು."

"ಪ್ರೀತಿ ಹೆಚ್ಚಾದ್ರೆ ಬಾಯಿ ಮುಚ್ಕೊಂಡು ಪ್ರೀತಿ ಮಾಡು. ಭಾನುವಾರ ಅಮ್ಮ ಊಟಕ್ಕೆ ಬರ್ತಾಳೆ. ಅಷ್ಟರೊಳಗೆ ಇದನ್ನ ಸರಿ ಮಾಡು."

ಅವಳ ತಂದೆ ಗ್ರೀಮುರ್, ನನ್ನ ಮಾವ, ಮೀನುಹಡಗಿನ ಕ್ಯಾಪ್ಟನ್ ಆಗಿದ್ದವನು, ತೀರಿಕೊಂಡು ಕೆಲವು ವರ್ಷಗಳಾದವು. ಅತ್ತೆ ಥೋರುನ್ ಹತ್ತಿರದ ಬೀದಿಯಲ್ಲೇ ಒಬ್ಬಳೇ ಇದ್ದಾಳೆ. ಸೊಂಟದ ನೋವಿನಿಂದ ಈಜುಕೊಳಕ್ಕೆ ಬರುವುದನ್ನು ಬಿಟ್ಟಿದ್ದಾಳೆ. ಹಾಗಾಗಿ ಸುದ್ದಿ ಇನ್ನೂ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಗಂಡನ ಫೋಟೋದ ಕೆಳಗೆ ಇವತ್ತಿಗೂ ದೀಪ ಹಚ್ಚುವವಳು. ಆ ಫೋಟೋದ ಪಕ್ಕದಲ್ಲಿ ಅಳಿಯನಾದವನು ಒಬ್ಬ ಹೊಸ ಮಗಳನ್ನು ತಂದು ನಿಲ್ಲಿಸಿದ್ದಾನೆ ಎಂದು ತಿಳಿದರೆ?

ಆದರೆ ಊರಿನಲ್ಲಿ ಮಾವನೊಬ್ಬನೇ ಗ್ರೀಮುರ್ ಅಲ್ಲವಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಬ್ಬೊಬ್ಬರಾಗಿ ಎದ್ದರು. ಮೊದಲನೆಯವನು ದಂತವೈದ್ಯ ಗ್ರೀಮುರ್. ಬಹಳ ಹಿಂದೆ ಗೊತ್ತು ಮಾಡಿದ್ದ ಸಮಯಕ್ಕೆ ನಾನು ಹೋಗಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಆತ ಬಾಗಿಲು ಮುಚ್ಚಿ ಬಂದು, ಹಲ್ಲು ಕೊರೆಯುವ ಯಂತ್ರವನ್ನು ಚಾಲೂ ಮಾಡಿ, ಹೆಂಡತಿ ಎರಡು ದಿನದಿಂದ ಮಾತಾಡುತ್ತಿಲ್ಲ, ಅದು ನಾನೋ ಅಲ್ಲವೋ ಈಗಲೇ ಹೇಳು ಎಂದ. ಬಾಯೊಳಗೆ ಹತ್ತಿ ತುಂಬಿಕೊಂಡು 'ಅಲ್ಲ' ಎನ್ನುವುದು ಎಷ್ಟು ಕಷ್ಟ ಗೊತ್ತೇ? 'ಹೌದು' ಎಂದಂತೆಯೇ ಕೇಳಿಸುತ್ತದೆ. ಆಮೇಲೆ ಈಜುಕೊಳದಲ್ಲಿ ನಾಲ್ಕು ಜನರ ಮುಂದೆ 'ದಂತವೈದ್ಯ ನಿರಪರಾಧಿ' ಎಂದು ಸಾರಿದ ಮೇಲೆಯೇ ಆತನ ಮನೆಯಲ್ಲಿ ಒಲೆ ಹತ್ತಿದ್ದು.

ಮರುದಿನ ಬಸ್ಸು ಓಡಿಸುವ ಗ್ರೀಮುರ್ ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿ, ಪ್ರಯಾಣಿಕರ ಎದುರಿಗೇ ನನ್ನಿಂದ ಅದೇ ಮಾತು ಹೇಳಿಸಿಕೊಂಡ. ಆಮೇಲೆ ಚರ್ಚಿನ ಗಾಯನ ತಂಡದ ಗ್ರೀಮುರ್ ಸಿಕ್ಕ. ಮುದುಕ, ಬ್ರಹ್ಮಚಾರಿ. ಕೇಳುವ ಮೊದಲೇ ನಾನು ಧಾರಾಳವಾಗಿ, ನೀನಂತೂ ಖಂಡಿತ ಅಲ್ಲ ಬಿಡು ಎಂದೆ. ಅವನ ಮುಖ ಬಾಡಿತು. "ಯಾಕೆ, ನನಗೇನಾಗಿತ್ತು?" ಎಂದು ಮುನಿಸಿಕೊಂಡು ಹೊರಟುಹೋದ. ಈಗಲೂ ನನ್ನ ಜೊತೆ ಮಾತಿಲ್ಲ.

ಹೀಗೆ ಊರಿನ ಗ್ರೀಮುರ್‌ಗಳನ್ನೆಲ್ಲ ಒಬ್ಬೊಬ್ಬರಾಗಿ ಪಾಪಮುಕ್ತರನ್ನಾಗಿ ಮಾಡಿ ಮುಗಿಸಿ, ಕೈ ಒರೆಸಿಕೊಂಡು ನೋಡುತ್ತೇನೆ, ಉಳಿದಿರುವವನು ಒಬ್ಬನೇ. ಸಮಾಧಿಯಲ್ಲಿ ಮಲಗಿರುವ ನನ್ನ ಮಾವ! ಎಲ್ಲರನ್ನೂ ಬಿಡಿಸಿ, ಪಾಪ, ಅವನೊಬ್ಬನನ್ನೇ ನಾನು ನನ್ನ ಕೈಯಾರೆ ಹಿಡಿದುಕೊಟ್ಟಿದ್ದೆ. ಶನಿವಾರ ತೊಟ್ಟಿಗಿಳಿದು, ನನ್ನ ಮಾವನೂ ಅಲ್ಲ, ಯಾರೂ ಅಲ್ಲ, ಸತ್ಯವಾಗಿ ಅಲ್ಲ ಎಂದು ಗೋಗರೆದೆ. ರಾನ್ವೇಗ್ ನನ್ನ ಒದ್ದೆ ಹೆಗಲನ್ನು ತಟ್ಟಿ, ಅಳಿಯನಾದವನು ಹಾಗೆ ಹೇಳಲೇಬೇಕು, ನಮಗೆ ಅರ್ಥವಾಗುತ್ತದೆ ಎಂದಳು. ಹಡಗಿನವನು, ಬಂದರು ಬಂದರು ಸುತ್ತಿದವನು ಎಂದು ಇನ್ನೊಂದು ತಲೆ ಹಬೆಯೊಳಗಿನಿಂದ ನಿಟ್ಟುಸಿರು ಬಿಟ್ಟಿತು. ಸಾಯಂಕಾಲ ಓರ್ರಿ ರೇಕ್ಯಾವಿಕ್‌ನಿಂದ ಫೋನ್ ಮಾಡಿ, ಏನು ಪ್ರಚಾರ ಮಾರಾಯ, ಈ ಗ್ರೀಮುರ್‌ನನ್ನು ಮಾತ್ರ ಬದಲಾಯಿಸಬೇಡ ಎಂದ.

ಆಲ್ಡೀಸ್ ಆ ದಿನ ನನ್ನೊಡನೆ ಆಡಿದ್ದು ಒಂದೇ ಮಾತು. "ಅಮ್ಮಂಗೆ ಏನಾದ್ರೂ ಆದ್ರೆ ನಿನ್ನ ಏಳನೇ ಸಂಪುಟಾನ ನಾನೇ ಬರೀತೀನಿ. ಅದರಲ್ಲಿ ಲೇಖಕ ಸಾಯ್ತಾನೆ."

ಭಾನುವಾರ ಬಂತು. ಥೋರುನ್ ಬಂದಳು, ಕೋಟು ಬಿಚ್ಚಿದಳು, ಮೇಜಿಗೆ ಕೂತಳು. ಮುಖ ನೋಡಿದ ಕೂಡಲೇ ಗೊತ್ತಾಯಿತು, ಸುದ್ದಿ ಮುಟ್ಟಿದೆ. ಅಂಗಡಿಯಲ್ಲಿ ಯಾರೋ ಆಕೆಯ ಕೈ ಹಿಡಿದುಕೊಂಡು ಸಂತಾಪ ಹೇಳಿದರಂತೆ. ಕುರಿಮಾಂಸದ ಸಾರು ಮುಗಿಯಿತು, ಆಕೆ ಮಾತಾಡಲಿಲ್ಲ. ಆಲ್ಡೀಸ್ ತೆಳುವಾದ ಪ್ಯಾನ್‌ಕೇಕ್ ಹೊಯ್ದು ಸಕ್ಕರೆ ಉದುರಿಸಿ ಸುತ್ತಿಕೊಟ್ಟಳು. ಆಕೆ ಎರಡು ತಿಂದಳು, ಮಾತಾಡಲಿಲ್ಲ. ನನ್ನ ತಟ್ಟೆಯಲ್ಲಿದ್ದದ್ದು ಹಾಗೇ ತಣ್ಣಗಾಯಿತು. ಇನ್ನು ತಡೆಯಲಾರದೆ ನಾನು ಎಲ್ಲವನ್ನೂ ಕಕ್ಕಿಬಿಟ್ಟೆ. ನಾಲಿಗೆಯ ಚಾಳಿ, ಔಷಧಿ ಅಂಗಡಿ, ದಂತವೈದ್ಯ, ಬಸ್ಸು, ಕೊನೆಗೆ, ಉನ್ನುರ್‌ಳ ತಂದೆ ಯಾರೆಂದು ನನಗೇ ತಿಳಿಯದು ಎಂಬ ಘೋರ ಸತ್ಯವನ್ನೂ.

ಆಕೆ ಕಾಫಿ ಲೋಟ ಕೆಳಗಿಟ್ಟಳು.

"ಅಂದ್ರೆ ಗ್ರೀಮುರ್ ನಿಂಗೆ ಏನೂ ಹೇಳಿರಲಿಲ್ವಾ?"

"ಏನನ್ನ?" ಎಂದೆ.

ಆಕೆ ಮಗಳ ಕಡೆ ತಿರುಗಿ ಹೇಳತೊಡಗಿದಳು. ಪೂರ್ವದ ಕಡೆಯ ಎಸ್ಕಿಫ್ಯೋರ್ದುರ್ ಬಂದರಿನಲ್ಲಿ ಒಬ್ಬ ಹುಡುಗಿ ಹುಟ್ಟಿದ್ದಳು, ಆಲ್ಡೀಸ್ ಆಗ ನಡೆಯಲು ಕಲಿಯುತ್ತಿದ್ದಳು. ಆ ಹುಡುಗಿಯ ತಾಯಿ ತಂದೆಯ ಹೆಸರಿನ ಬದಲು ತನ್ನ ಹೆಸರನ್ನೇ ಮಗಳಿಗೆ ಹಾಕಿದಳು. ಗ್ರೀಮುರ್ ಬಂದು ಮಗು ತನ್ನದೆಂದು ಹೆಂಡತಿಯ ಮುಂದೆ ಒಪ್ಪಿಕೊಂಡ, ಥೋರುನ್ ಅತ್ತಳು, ಬೈದಳು, ಕೊನೆಗೆ ಮನೆಯೊಳಗೆ ಬಿಟ್ಟುಕೊಂಡಳು. ಪ್ರತಿ ಬೇಸಿಗೆಯಲ್ಲೂ ಈ ಸಲ ಆಲ್ಡೀಸ್‌ಗೆ ಹೇಳುತ್ತೇನೆ ಎನ್ನುತ್ತಿದ್ದ. ಹೇಳುವ ಮೊದಲೇ ಸತ್ತ.

"ಆಮೇಲೆ ನಾನು ಹೇಗೆ ಹೇಳಲಿ ಮಗಳೇ? ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದವಳು. ಇವನ ಪುಸ್ತಕ ಬಂದಾಗೆಲ್ಲ ಗ್ರೀಮುರ್ ಇವನಿಗೆ ಹೇಳಿಬಿಟ್ಟಿದ್ದಾನೆ, ಈ ಸಲ ಇವನು ಬರೆದುಬಿಡ್ತಾನೆ ಅಂತ ಹೆದರ್ಕೊಂಡೇ ಓದ್ತಿದ್ದೆ."

ಆಲ್ಡೀಸ್ ಕೂತಲ್ಲೇ ಕೂತಿದ್ದಳು. ಒಲೆಯ ಮೇಲಿದ್ದ ಪ್ಯಾನ್‌ಕೇಕ್ ಸೀದು ಹೊಗೆ ಏಳುತ್ತಿತ್ತು. ನಾನು ಎದ್ದು ಆರಿಸಿದೆ, ಆ ಮನೆಯಲ್ಲಿ ಆಗ ನನ್ನಿಂದ ಆಗುವ ಕೆಲಸ ಅದೊಂದೇ ಇತ್ತು.

"ಹೆಸರೇನು ಅವಳದ್ದು?" ಎಂದಳು ಆಲ್ಡೀಸ್.

"ಸ್ವಾವಾ."

"ನನ್ನ ಥರ ಇದಾಳಾ?"

"ನಿನಗಿಂತ ಎತ್ತರ. ಮೂಗು ಅದೇ. ಸಿಟ್ಟೂ ಅದೇ."

ಆಲ್ಡೀಸ್ ಅತ್ತಳು. ತಾಯಿಯ ಮೇಲೆ ಸಿಟ್ಟಾದಳು, ತಂದೆಯ ಮೇಲೆ ಇನ್ನೂ ಹೆಚ್ಚು ಸಿಟ್ಟಾದಳು, ಮತ್ತೆ ತಾಯಿಯ ಕೈಯನ್ನೇ ಹಿಡಿದುಕೊಂಡು ಅತ್ತಳು. ಕೊನೆಗೆ ಮೂಗೊರೆಸಿಕೊಂಡು, ನನಗೊಬ್ಬ ತಂಗಿ ಇದ್ದಾಳೆ, ಇಷ್ಟು ವರ್ಷ ಇದ್ದಳು ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ಮುಖದಲ್ಲಿ ನಗು ಬರುತ್ತಿರುವುದನ್ನು ಕಂಡು ನನಗೂ ಉಸಿರು ಬಂತು. ಉಸಿರು ಬಂದ ಮೇಲೆ, ನಿಜ ಹೇಳುತ್ತೇನೆ, ಒಂದಿಷ್ಟು ಹೆಮ್ಮೆಯೂ ಬಂತು. ಅರಿಯದೆಯೇ ಸತ್ಯವನ್ನು ನುಡಿಯುವವನೇ ನಿಜವಾದ ಕಲಾವಿದನಲ್ಲವೇ? ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

ಥೋರುನ್ ಫೋನ್ ಕೇಳಿದಳು. ನಂಬರು ಬಾಯಲ್ಲೇ ಇತ್ತು, ಒತ್ತಿದಳು.

"ಸ್ವಾವಾ? ನಾನು ಥೋರುನ್. ಈ ಸಲ ಕ್ರಿಸ್ಮಸ್ಸಿಗೆ ಇಲ್ಲಿಗೇ ಬಾ. ಹ್ಞೂಂ, ಗೊತ್ತಾಯ್ತು, ಆಲ್ಡೀಸ್‌ಗೂ ಗೊತ್ತಾಯ್ತು. ಇಲ್ಲೇ ಪಕ್ಕದಲ್ಲಿದ್ದಾಳೆ, ಕೊಡ್ತೀನಿ ಇರು."

ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಅಳಿಯನಾ? ಇಲ್ಲಮ್ಮ, ಅವನು ಕಂಡುಹಿಡಿದದ್ದಲ್ಲ. ಅಷ್ಟು ಬುದ್ಧಿ ಇದ್ದಿದ್ರೆ ಆರು ಸಂಪುಟ ಯಾಕೆ ಬೇಕಿತ್ತು?"