ಉಳಿತಾಯದ ಕೀಲು

ಬೆಳಗ್ಗೆ ಎಂಟಕ್ಕೆ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಣಿಯಿಂದ ಮೇಲೇಳುವಾಗ ಮಾರ್ಕಂಡೇಯನ ಸೊಂಟದಿಂದ ಕೆಳಗೆ ಎಲ್ಲೋ ‘ಕಿರ್’ ಎಂದಿತು. ಅಷ್ಟೇ. ನಾರಾಯಣಪೇಟೆಯ ಆ ಓಣಿಯಲ್ಲಿ ಹತ್ತು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಆದರೂ ಆ ಕಿರ್ ಎಲ್ಲರಿಗೂ ಕೇಳಿಸಿತು.

ನಾಲ್ಕು ವರ್ಷದ ಹಿಂದೆ ಬೈಕಿನಿಂದ ಬಿದ್ದು, ಮೂವತ್ತೆಂಟಕ್ಕೇ ಬಲಸೊಂಟದ ಕೀಲು ಬದಲಾಯಿಸಿಕೊಂಡವನು ಮಾರ್ಕಂಡೇಯ. ‘ಇಪ್ಪತ್ತು ವರ್ಷ ಬರಬಹುದು, ಇನ್ನೂ ಹೆಚ್ಚೇ ಬಂದರೂ ಬಂತು’ ಎಂದಿದ್ದರು ಡಾಕ್ಟರು. ಎದುರುಮನೆಯ ಸೈಕಲ್ ಶಾಪಿನ ಕರಿಬಸಯ್ಯ ಮಾತ್ರ ಒಪ್ಪಿರಲಿಲ್ಲ.

“ಅದು ಕಟ್ಟಿ ಮ್ಯಾಲ ಕುಂತಿರೋ ಮುದುಕರ ಲೆಕ್ಕ, ತಮ್ಮಾ. ನೀ ದಿನಾ ಎಷ್ಟು ಸಾವಿರ ಸಲ ಮಗ್ಗದ ಹಲಗಿ ತುಳೀತಿ? ಜ್ವಾಕಿ!”

ಅಂದಿನಿಂದ ಮಾರ್ಕಂಡೇಯ ಬಹಳ ಜೋಕೆಯಾಗಿಯೇ ಇದ್ದ. ಆದರೂ ಕಿರ್ ಎಂದಿತು. ಕೀಲು ಹೋದರೆ ಮಗ್ಗ ಹೋಯಿತು. ಅವನಿಗೆ ಬೇರೆ ಕಸುಬು ಗೊತ್ತಿಲ್ಲ.

ಕರಿಬಸಯ್ಯ ಬಂದವನೇ ಅವನ ಸೊಂಟಕ್ಕೆ ಕಿವಿ ಹಚ್ಚಿ, “ಬೇರಿಂಗ್ ಹೋಗೈತಿ” ಎಂದ. ಪಕ್ಕದ ಮನೆಯ ಬಾಲಮ್ಮ ಹೊಲಿಗೆ ಮಷಿನ್ನಿನ ಎಣ್ಣೆಡಬ್ಬಿ ತಂದಳು.

“ಎಲ್ಲಿ ಬಿಡ್ಲಿ ಹೇಳೋ?”

“ಯಕ್ಕಾ, ನಾ ಮನಿಷಾ ಅದೀನಿ!” ಎಂದು ಮಾರ್ಕಂಡೇಯ ಕೂಗಿದ. ಹೆಂಡತಿ ರಜಿನಿ ಎಕ್ಸ್‌ರೇ ಚೀಲ ಕೈಗಿಟ್ಟು, “ಮೊದ್ಲು ಗದ್ವಾಲ್ ಡಾಕ್ಟರ್ ಹತ್ರ ಹೋಗ್ರಿ” ಎಂದು ಬಸ್ಸಿಗೆ ಅಟ್ಟಿದಳು. ಕರಿಬಸಯ್ಯ ಕರೆಯದೆಯೇ ಹತ್ತಿದ.

ಮಕ್ತಲ್ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಕೀಲಿನ ಕತೆ ಗೊತ್ತಾಗಿತ್ತು. ಹೊಸದಾಗಿ ಹತ್ತಿದವರಿಗೂ ಕಿರ್ ಕೇಳಬೇಕು. “ಒಂದ್ಸಲ ಕುಂತು ಏಳ್ರಿ ಅಣ್ಣಾ!” ಮಾರ್ಕಂಡೇಯ ಗದ್ವಾಲಿನ ತನಕ ಕುಂತು ಎದ್ದ.

ಡಾಕ್ಟರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

“ಕೀಲು ಭಾಳ ಛಲೋ ಐತ್ರಿ. ಸವದಿಲ್ಲ, ಸಡಿಲಾಗಿಲ್ಲ. ಮೊನ್ನೆ ಹಾಕಿದಂಗ ಐತಿ.”

“ಮತ್ತ ಕಿರ್ ಅಂದಿದ್ದು?”

“ಎಡಗಾಲಿನ ಮೊಣಕಾಲು. ಅದಕ್ಕ ಏನು ಕೆಲಸ ಹಚ್ಚೀರಿ?”

ಮಾರ್ಕಂಡೇಯ ತಲೆ ಬಗ್ಗಿಸಿದ. ನಾಲ್ಕು ವರ್ಷದಿಂದ ಮಗ್ಗದ ಎರಡೂ ಹಲಗೆಗಳನ್ನು ಎಡಗಾಲೊಂದರಲ್ಲೇ ತುಳಿದಿದ್ದ. ಕೀಲು ಸವೆದೀತೆಂದು ಬಲಗಾಲನ್ನು ಗುಣಿಯಲ್ಲಿ ಬೀಗರ ಹಾಗೆ ಪಕ್ಕಕ್ಕೆ ಕೂರಿಸಿದ್ದ.

ಡಾಕ್ಟರು ನಕ್ಕರು. “ಕೀಲು ಹಾಕಿದ್ದು ದುಡಿಯಾಕ್ರಿ, ಟ್ರಂಕಿನ್ಯಾಗ ಇಡಾಕಲ್ಲ. ಎರಡೂ ಕಾಲು ಸಮ ಬಳಸ್ರಿ. ಮೊಣಕಾಲೂ ಸುಧಾರಿಸತೈತಿ, ಕೀಲೂ ಭಾಳ ವರ್ಷ ಬರತೈತಿ.”

ಮಾರ್ಕಂಡೇಯನಿಗೆ ಹತ್ತು ವರ್ಷ ಇಳಿದಂತಾಯಿತು. ಬಸ್‌ಸ್ಟ್ಯಾಂಡಿನವರೆಗೂ ದಪದಪ ನಡೆದೇ ಬಂದ. ವಾಪಸು ಬಸ್ಸಿನಲ್ಲಿ ಕರಿಬಸಯ್ಯ ಮಕ್ತಲ್ ತನಕ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಆಮೇಲೆ ಕೆಮ್ಮಿದ.

“ಅಲ್ಲೋ ತಮ್ಮಾ, ಬಲಗಡಿದು ಸ್ಪೇರ್ ಪಾರ್ಟು. ಹೋದ್ರ ಇನ್ನೊಂದು ಸಿಗತೈತಿ. ಎಡಗಾಲು ಕಂಪನಿ ಫಿಟಿಂಗು. ಅದು ಹೋದ್ರ?”

ಡಾಕ್ಟರು ಹೇಳಿದ್ದನ್ನು ಗಂಡನಿಂದ ಕೇಳಿದ್ದ ರಜಿನಿ ಸಂಜೆ ಅಡುಗೆಮನೆಯಿಂದಲೇ ಕಿವಿಗೊಟ್ಟಳು. ಮಗ್ಗ ಟಕಟಕನೆ ಚುರುಕಾಗಿ ಓಡುತ್ತಿತ್ತು. ಕಿರ್ ಇಲ್ಲ, ಏನೂ ಇಲ್ಲ. ಗಂಡನಿಗೆ ಕೊನೆಗೂ ಬುದ್ಧಿ ಬಂತೆಂದು ಖುಷಿಯಿಂದ ಚಹಾ ಹಿಡಿದು ಬಂದು ಗುಣಿಯೊಳಗೆ ಬಗ್ಗಿ ನೋಡಿದಳು.

ಎರಡೂ ಹಲಗೆಗಳ ಮೇಲೆ ಬಲಗಾಲು ಒಂದೇ ಕುಣಿಯುತ್ತಿತ್ತು. ಎಡಗಾಲು ಪಕ್ಕದಲ್ಲಿ ಬೀಗರ ಹಾಗೆ ಕೂತು ನೋಡುತ್ತಿತ್ತು.